ಬೇರೆ ಥರ ಇದೆ

ಬೆಳಿಗ್ಗೆ ಆರಕ್ಕೆ ಅಂಗಡಿಯ ಬಾಗಿಲು ತೆಗೆದು, ದೀಪ ಹಾಕುವ ಮೊದಲು ಆರ್ಡಿಸ್ ಕ್ವಾಮೆ ಕತ್ತಲಲ್ಲೇ ಒಂದು ಗಳಿಗೆ ನಿಂತು ಕಿವಿಗೊಡುತ್ತಿದ್ದಳು. ಹಿಂದಿನ ಗೋಡೆಗಿದ್ದ ಹಾಲಿನ ಫ್ರಿಜ್ಜು ಗುಂಯ್‌ಗುಟ್ಟುತ್ತಿದ್ದರೆ ಆ ದಿನ ಹೇಗೋ ಸಾಗುತ್ತದೆ ಎಂದು ಅವಳ ಲೆಕ್ಕ. ಮೂವತ್ತೆಂಟು ವರ್ಷದಿಂದ ಅವಳು ಆ ಬಾಗಿಲು ತೆಗೆಯುತ್ತಿದ್ದಳು. ಈಚೆಗೆ ಎರಡು ಮಂಡಿಯೂ ಸವೆದು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕಾಗುತ್ತಿತ್ತು.

ಅಮೆರಿಕದ ಮಿನೆಸೋಟಾ ರಾಜ್ಯದ ಪಶ್ಚಿಮದಂಚಿನ ಲಾರ್ವಿಕ್ ಊರಿಗೆ ಅದೊಂದೇ ದಿನಸಿ ಅಂಗಡಿ. ಊರಿನ ಜನ ಎಂಟುನೂರು. ಅಂಗಡಿ ನಡೆಸುತ್ತಿದ್ದ ಮಾವ ತೀರಿಕೊಂಡ ಮೇಲೆ ಗಂಡ ಆರಿನ್ ಮಾಂಸ ಕೊಯ್ಯುವ ಕಟ್ಟೆಗೆ ನಿಂತ, ಇವಳು ಗಲ್ಲಾಕ್ಕೆ ಕೂತಳು. ಯಾರ ಮನೆಯಲ್ಲಾದರೂ ಸಾವಾದರೆ ಊರಿನ ಹೆಂಗಸರೆಲ್ಲ ಹಾಟ್‌ಡಿಶ್ ಎಂಬ ಮಾಂಸ-ಆಲೂಗಡ್ಡೆಯ ಅಡುಗೆ ಬೇಯಿಸಿ ಒಯ್ಯುತ್ತಾರೆ. ಅದಕ್ಕೆ ಬೇಕಾದ ಅಣಬೆ ಸೂಪಿನ ಡಬ್ಬಿಗಳನ್ನು, ಅವರು ಬಂದು ಕೇಳುವ ಮೊದಲೇ, ಆರ್ಡಿಸ್ ಮುಂದಿನ ಸಾಲಿಗೆ ತಂದಿಡುತ್ತಿದ್ದಳು. ಅದೇ ಡಬ್ಬಿ ದೊಡ್ಡ ಕಂಪನಿಗಳ ಅಂಗಡಿಯಲ್ಲಿ, ಇವಳು ಸಗಟಿನಲ್ಲಿ ತರುವ ದರಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು.

ಮೂರು ವರ್ಷದ ಹಿಂದೆ ಫ್ರಿಜ್ಜಿನ ಯಂತ್ರ ಕೈಕೊಟ್ಟಾಗ ಅವಳು ತೆರಿಗೆ ರಿಯಾಯಿತಿ ಕೇಳಲು ಪುರಸಭೆಗೆ ಹೋಗಿದ್ದಳು. ಮೇಯರ್ ಗ್ಲೆನ್ ಟಾರ್ಸ್ಟಡ್ ಅವಳ ಶಾಲೆಯ ಜೊತೆಗಾರ.

"ರಿಯಾಯಿತಿ ಇರೋದು ಹೊಸಬರಿಗೆ ಕಣೇ. ಹೊಸದಾಗಿ ಜನಕ್ಕೆ ಕೆಲಸ ಕೊಡ್ಬೇಕು."

"ನಮ್ಮಲ್ಲಿ ಆರು ಜನ ಇದಾರಲ್ಲೋ ಗ್ಲೆನ್."

"ಅವ್ರು ಆಗ್ಲೇ ಇದಾರಲ್ಲ! ಇರೋವ್ರನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲ."

"ಹಂಗಾದ್ರೆ ಇವತ್ತು ಎಲ್ಲರನ್ನೂ ಬಿಡಿಸಿ ನಾಳೆ ವಾಪಸ್ ಸೇರಿಸ್ಕೊಳ್ಳಲಾ?"

ಗ್ಲೆನ್ ನಕ್ಕಿದ್ದ. ಅವಳು ನಗಲಿಲ್ಲ. ಹಳೆಯ ಯಂತ್ರವನ್ನೇ ರಿಪೇರಿ ಮಾಡಿಸಿಕೊಂಡು ಸುಮ್ಮನಾದಳು.

ಈ ವರ್ಷ ಅಗ್ಗದ ಸಾಮಾನು ಮಾರುವ ಒಂದು ದೊಡ್ಡ ಕಂಪನಿ ಅದೇ ಫಾರಂ ತುಂಬಿತು. ಹತ್ತು ವರ್ಷ ಆಸ್ತಿ ತೆರಿಗೆ ಬಿಟ್ಟರೆ ಹೆದ್ದಾರಿಯ ಆಚೆ ಬದಿಗೆ, ಇವಳ ಅಂಗಡಿಯ ಎದುರಿಗೇ, ತಾನೂ ಒಂದು ಅಂಗಡಿ ಕಟ್ಟುವುದಾಗಿ ಹೇಳಿತು. ಅದು ಬಂದರೆ ತನ್ನದು ಒಂದು ಚಳಿಗಾಲವನ್ನೂ ದಾಟುವುದಿಲ್ಲ ಎಂಬುದು ಆರ್ಡಿಸ್‌ಗೆ ಗೊತ್ತಿತ್ತು.

ಆ ಸೀಮೆಯಲ್ಲಿ ಯಾರೂ ಮುಖದ ಮೇಲೆ ಬೇಡ ಅನ್ನುವುದಿಲ್ಲ. ಚರ್ಚಿನ ಊಟಕ್ಕೆ ಯಾರ ಮನೆಯ ಸೊಸೆಯೋ ತಂದ ಸಲಾಡು ಬಾಯಿಗಿಡುವ ಹಾಗಿಲ್ಲದಿದ್ದರೆ "ಬೇರೆ ಥರ ಇದೆ" ಅನ್ನುತ್ತಾರೆ. ಆ ಸೊಸೆ ಅದನ್ನು ಮತ್ತೆಂದೂ ತರುವುದಿಲ್ಲ.

ಜನರ ಅಭಿಪ್ರಾಯ ಕೇಳುವ ಸಭೆಗೆ ಕಂಪನಿಯ ಕಡೆಯಿಂದ ದೂರದ ಜಾರ್ಜಿಯಾ ರಾಜ್ಯದ ಬ್ರಾಂಟ್ಲಿ ಎಂಬಾತ ಬಂದು ಬಣ್ಣದ ಚಿತ್ರಗಳನ್ನು ತೋರಿಸಿದ. ಮಾತಾಡುವವರಿಗೆ ತಲಾ ಮೂರು ನಿಮಿಷ. ಶಾಲಾ ಬಸ್ಸಿನ ಚಾಲಕ ವರ್ಲಿನ್ ಎದ್ದು, "ಹ್ಞೂಂ, ಬೇರೆ ಥರಾನೇ ಇದೆ ಬಿಡಿ" ಎಂದು ಕೂತ. ಚರ್ಚಿನಲ್ಲಿ ಆರ್ಗನ್ ನುಡಿಸುವ ಇನೆಜ್, "ನಮ್ಮೂರಿಗಂತೂ ಬೇರೆ ಥರ" ಎಂದಳು. ಆರ್ಡಿಸ್ ಎರಡು ಹಾಳೆ ಬರೆದು ತಂದಿದ್ದಳು. ಎದ್ದು ನಿಂತ ಮೇಲೆ ಓದಲು ಬಾಯಿ ಬರಲಿಲ್ಲ.

"ಇದು ತುಂಬಾ, ತುಂಬಾನೇ ಬೇರೆ ಥರ ಇದೆ" ಎಂದಳು.

ಸಭೆಯಲ್ಲಿದ್ದವರು ಬೆಚ್ಚಿ ತಿರುಗಿ ನೋಡಿದರು. ಅಷ್ಟು ಕಟುವಾದ ಮಾತನ್ನು ಅವಳು ನಾಲ್ಕು ಜನರೆದುರು ಆಡಿದ್ದು ಅದೇ ಮೊದಲು.

ನಾಲ್ಕು ದಿನದ ಮೇಲೆ ಬ್ರಾಂಟ್ಲಿ ಬರೆದ ವರದಿಯನ್ನು ಅಂಚೆ ಕಚೇರಿಯ ಫಲಕಕ್ಕೆ ಅಂಟಿಸಿದರು. ಯೋಜನೆಯ ಹೊಸತನವನ್ನು ಎಲ್ಲರೂ ಮೆಚ್ಚಿದರು, ವಿರೋಧ ಯಾರದೂ ಇಲ್ಲ, ಸ್ಥಳೀಯ ವ್ಯಾಪಾರಿ ಶ್ರೀಮತಿ ಕ್ವಾಮೆಯವರು ವಿಶೇಷ ಉತ್ಸಾಹ ತೋರಿದರು ಎಂದಿತ್ತು. ಓದಿ ಬಂದ ಆರಿನ್ ಕೆಮ್ಮು ಬರುವಷ್ಟು ನಕ್ಕ.

"ಊರಿಗೆಲ್ಲ ನಿಂಗೇ ಜಾಸ್ತಿ ಇಷ್ಟ ಆಗಿದ್ಯಂತಲ್ಲೇ!"

"ನಗ್ಬೇಡ. ‘ತುಂಬಾನೇ’ ಅಂತ ಒತ್ತಿ ಹೇಳಿದ್ನಲ್ಲ!"

"ಅಲ್ಲೇ ನೀನು ಕೆಟ್ಟಿದ್ದು."

ಏಪ್ರನ್ ಬಿಚ್ಚದೆ ಅವಳು ಗ್ಲೆನ್‌ನ ಹತ್ತಿರ ಹೋದಳು.

"ನಿಂಗಾದ್ರೂ ಅರ್ಥ ಆಗಿತ್ತಲ್ವೇನೋ?"

"ಆಗಿತ್ತು. ಆದ್ರೆ ವಿರೋಧ ಅಂತ ಒಬ್ರೂ ಬಾಯಿಬಿಟ್ಟು ಹೇಳ್ಲಿಲ್ವಲ್ಲ ಆರ್ಡಿಸ್, ನಾನೇನು ಬರೆಸ್ಲಿ? ಸೋಮವಾರ ಮತಕ್ಕೆ ಹಾಕ್ತೀವಿ. ಬಂದು ಹೇಳು."

ಸೋಮವಾರ ಸಾಮಾನಿನ ಲಾರಿ ಬರುವ ದಿನ. ಇಡೀ ಮಧ್ಯಾಹ್ನ ಪೆಟ್ಟಿಗೆಗಳನ್ನು ಇಳಿಸಿ, ಸೊಂಟ ಹಿಡಿದುಕೊಂಡೇ ಅವಳು ಸಭೆಗೆ ಬಂದಳು. ಮೇಜಿನ ಮೇಲೆ, ಮಾತಿನ ಸಮಯ ಅಳೆಯುವ ಸಣ್ಣ ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಅವಳು ಮೇಜನ್ನು ಹಿಡಿದು ನಿಂತಳು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಸಮಯ ಮುಗಿಯುತ್ತ ಬಂತೆಂದು ಹಳದಿ ದೀಪ ಹತ್ತಿತು.

"ಬೇಡ" ಎಂದಳು.

ಮೇಜನ್ನು ಬಿಟ್ಟು ನೆಟ್ಟಗೆ ನಿಂತಳು.

"ನಂಗಿದು ಬೇಡ. ಮೂವತ್ತೆಂಟು ವರ್ಷ ಒಂದು ಕಂತೂ ತಪ್ಪಿಸ್ದೆ ತೆರಿಗೆ ಕಟ್ಟಿದೀನಿ. ಅವ್ರಿಗೆ ಅದನ್ನೇ ಬಿಟ್ಟುಕೊಟ್ಟು ನನ್ನೆದುರಿಗೇ ತಂದು ಕೂರಿಸ್ತೀರಾ? ಬೇಡ."

ಬ್ರಾಂಟ್ಲಿ ಕಕ್ಕಾಬಿಕ್ಕಿಯಾದ. "ಮೇಡಂ, ಹೋದ ಸಲ ನೀವೇ ಅಷ್ಟೊಂದು ಹೊಗಳಿದ್ರಲ್ಲ?"

ಹಿಂದಿನ ಸಾಲಿನಿಂದ ವರ್ಲಿನ್, "ಅಯ್ಯೋ ಮಾರಾಯಾ, ಅದು ಬೈದಿದ್ದು!" ಎಂದ. ಸಭೆಯೆಲ್ಲ ನಕ್ಕಿತು. ಆರ್ಡಿಸ್ ಮಾತ್ರ ಕುರ್ಚಿಗೆ ಕುಸಿದು ಅಂಗೈಯ ಬೆವರನ್ನು ಕೋಟಿಗೆ ಒರೆಸಿಕೊಳ್ಳುತ್ತಿದ್ದಳು. ಮೇಯರೂ ಸೇರಿ ಐವರು ಸದಸ್ಯರಲ್ಲಿ ಮೂವರು ರಿಯಾಯಿತಿ ಬೇಡವೆಂದು ಕೈ ಎತ್ತಿದರು. ಮೂರನೆಯ ಕೈ ಗ್ಲೆನ್‌ನದು, ಅರ್ಧಕ್ಕೇ ಎತ್ತಿದ್ದು.

ಗುರುವಾರ ವರ್ಲಿನ್ ಸುದ್ದಿ ತಂದ. ಬ್ರಾಂಟ್ಲಿ ಅಲ್ಲಿಂದ ನೆಟ್ಟಗೆ ಹನ್ನೆರಡು ಮೈಲಿಯಾಚೆಯ ಊರಿಗೆ ಹೋದನಂತೆ, ಆ ಊರಿನವರು ಹತ್ತು ವರ್ಷದ ತೆರಿಗೆ ಬಿಡಲು ಒಪ್ಪಿದರಂತೆ. ಆರಿನ್ ಕತ್ತಿ ಕೆಳಗಿಟ್ಟ. ಕಾರಿದ್ದವರಿಗೆ ಹನ್ನೆರಡು ಮೈಲಿ ಏನು ಮಹಾ ಎಂದು ಇಬ್ಬರಿಗೂ ಗೊತ್ತಿತ್ತು.

"ಹಿಮ ಬಿದ್ದಾಗ ಹನ್ನೆರಡು ಮೈಲಿ ದೂರಾನೇ" ಎಂದ ಅವನು.

"ಹಿಮ ಬೀಳೋದು ಐದು ತಿಂಗಳು" ಎಂದಳು ಅವಳು.

ಅಷ್ಟರಲ್ಲಿ ಇನೆಜ್ ಮೊಟ್ಟೆಗೆ ಬಂದಳು. ಮೂವತ್ತು ವರ್ಷದಿಂದ ಪ್ರತಿ ಗುರುವಾರ ಒಂದು ಡಜನ್. ಚೀಲ ಹಿಡಿದು ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಹೇಳಲೋ ಬೇಡವೋ ಎಂದು ತಡಕಾಡಿದಳು.

"ಸೋಮವಾರ ನೀನು ಮಾತಾಡಿದ್ದು, ಆರ್ಡಿಸ್... ಸ್ವಲ್ಪ ಬೇರೆ ಥರ ಇತ್ತು."

"ಗೊತ್ತು ಇನೆಜ್" ಎಂದಳು ಆರ್ಡಿಸ್.

ಇನೆಜ್ ತಲೆಯಾಡಿಸಿ, ಮತ್ತೆ ಒಳಗೆ ಬಂದು ಇನ್ನೊಂದು ಡಜನ್ ಮೊಟ್ಟೆ ಎತ್ತಿಕೊಂಡಳು. ಅವಳು ಹೋದ ಮೇಲೆ ಅಂಗಡಿ ಖಾಲಿಯಾಯಿತು. ಆರ್ಡಿಸ್ ಸ್ಟೂಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತ, ಹಿಂದಿನ ಗೋಡೆಯ ಕಡೆಗೆ ಕಿವಿಗೊಟ್ಟಳು. ಫ್ರಿಜ್ಜು ಗುಂಯ್‌ಗುಡುತ್ತಿತ್ತು.