ಏರಿನಲ್ಲಿ ಮೈಲೇಜು

ಹನೂರು ಬಿಟ್ಟಾಗ ನನ್ನ ಪುಟ್ಟ ಕಾರು ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ತೋರಿಸುತ್ತಿತ್ತು, ಶೋರೂಮಿನವರ ಮಾತಿಗೆ ಹತ್ತಿರಹತ್ತಿರ. ಲೊಕ್ಕನಹಳ್ಳಿಯಲ್ಲಿ ಬಸ್ಸು ತಪ್ಪಿದ ಮುದುಕ ದಂಪತಿ ಕೈ ಅಡ್ಡ ಹಾಕಿ, ರಾಗಿ ಮೂಟೆ ಸಮೇತ ಹತ್ತಿಕೊಂಡರು. ಮುಂದೆ ಕಾಡಿನ ಏರು. ಮೀಟರಿನಲ್ಲಿ ಮೈಲೇಜು ಇಳಿಯತೊಡಗಿತು.

"ಪೆಟ್ರೋಲು ಕುಡೀತಾ ಇದೆ" ಎಂದು ಗೊಣಗಿದೆ.

ಯಜಮಾನರು ತಟ್ಟನೆ ಬಾಗಿಲಿಗೆ ಕೈ ಹಾಕಿದರು. "ನಿಲ್ಸಿ ಸಾ, ಇಳ್ದು ನಡೀತೀವಿ. ಏರಲ್ಲಿ ಗಾಡಿ ಮ್ಯಾಲೆ ಕುಂತಿದ್ರೆ ಎತ್ತಿಗೆ ಕಷ್ಟ ಕಣ್ರಿ."

"ಕೂತ್ಕೊಳ್ಳಿ ಯಜಮಾನ್ರೇ, ಎಳೆಯುತ್ತೆ" ಎಂದು ಎರಡನೇ ಗೇರಿಗೆ ಹಾಕಿದೆ. ಒಂದು ಸಲವೂ ಮುಗ್ಗರಿಸದೆ ಎಲ್ಲರನ್ನೂ ಹೊತ್ತು ಹತ್ತಿಬಿಟ್ಟಿತು!

ಮೇಲೆ ಇಳಿದ ಯಜಮಾನರು ಮೂಟೆಯನ್ನೂ ಮುಟ್ಟದೆ, ಮೊದಲು ಬಿಸಿ ಬಾನೆಟ್ಟನ್ನು ಎತ್ತಿನ ಬೆನ್ನಿನಂತೆ ಸವರಿದರು.

"ಕುಡುದ್ರೆ ಕುಡೀಲಿ ಬುಡಿ ಸಾ, ಗೇಯ್ತದಲ್ಲ!"