ಜೇವರ್ಗಿ ಬಾವಿಗೆ ಬರೆದ ನೆಳ್ಳಿನ ನಕ್ಷಾ

ಕಲಬುರಗಿಯಿಂದ ಆಳಂದಕ್ಕ ಹೋಗೋ ಮೋಟಾರು ಇದ್ದಲಿ ಉರಿಸಿ ನಡಿಯೋ ಮೋಟಾರು. ಲಡಾಯಿ ನಡದಿತ್ತು, ಪೆಟ್ರೋಲ್ ಸಿಗ್ತಿರಲಿಲ್ಲ. ಹಿಂದ ಒಂದು ತಗಡಿನ ಒಲಿ ಕಟ್ಟಿದ್ರು. ಕ್ಲೀನರ್ ಅದರ ಪಂಖಾ ತಿರುವಿ ತಿರುವಿ ಬೆವತು ಹೋಗಿದ್ದ. ಟಿಕೇಟು ಎಂಟಾಣೆ. ಏರು ಬಂದಲ್ಲಿ ಎಲ್ಲಾರೂ ಇಳದು ನೂಕಬೇಕು. ರೊಕ್ಕಾ ಕೊಟ್ಟು ಕುಂತು, ಮತ್ತ ಇಳದು ನೂಕೋದು! ಮೊದಲನೇ ಸಿಟ್ಟು ನನಗ ಅಲ್ಲೇ ಬಂತು. ಆ ಪ್ರಯಾಣದಾಗ ಅದು ಇಳೀಲೇ ಇಲ್ಲ.

ಯಾಕ ಹೊಂಟಿದ್ದೆ ಅಂತ ಹೇಳ್ತೇನಿ. ನಮ್ಮದು ಜೇವರ್ಗಿ ತಾಲೂಕಿನ ಒಂದು ಹಳ್ಳಿ, ಊರ ಹೊರಗಿನ ಕೇರಿ. ಬಾವಿ ಮುಟ್ಟಾಕ, ಗುಡಿ ಹೊಕ್ಕಾಕ ಬಿಡದಿರೋ ಮಂದಿ ನಾವು. ಮೀಸಿ ಬಂದ ಮ್ಯಾಲ ಶಾಲಿ ಪಡಸಾಲಿ ಹೊರಗ ಕುಂತು ಅಕ್ಷರ ಕಲಿತೆ. ಆಮ್ಯಾಲ ಹೈದ್ರಾಬಾದಿಗೆ ಹೋಗಿ, ಬಾಗ್-ಬಗೀಚಾದ ನಕ್ಷಾ ಬರಿಯೋದು ಕಲಿಸೋ ಶಾಲಿ ಸೇರಿದೆ. ಗಿಡಾ ಎಲ್ಲಿರಬೇಕು, ದಾರಿ ಹ್ಯಾಂಗ ತಿರಗಬೇಕು, ನೀರು ಎಲ್ಲಿ ನಿಲ್ಲಬೇಕು, ಮಂದಿ ಎಲ್ಲಿ ಕುಂದ್ರಬೇಕು, ಅದನ್ನೆಲ್ಲ ಕಾಗದದ ಮ್ಯಾಲ ಹಾಕೋ ವಿದ್ಯಾ ಅದು. ಕಡೀ ಇಮ್ತಿಹಾನಿಗೆ, ಅಂದ್ರ ಪರೀಕ್ಷಾಕ್ಕ, ನಮ್ಮ ಉಸ್ತಾದರು ಹೇಳಿದ್ರು:

"ಜೇವರ್ಗಿ ದವಾಖಾನಿ ಅಂಗಳಕ್ಕ, ಅಲ್ಲಿನ ಬಾವಿಗೆ ನಕ್ಷಾ ತಯ್ಯಾರ್ ಮಾಡು. ವಿಲಾಯತಿ ಪುಸ್ತಕ ನೋಡಿ ಬರೀಬ್ಯಾಡ. ನಿಮ್ಮ ಕಡೀನೇ ತಿರಗಾಡು. ನೀರಿಗೆ, ನೆಳ್ಳಿಗೆ ಮಂದಿ ಏನು ಮಾಡ್ಕೊಂಡಾರ ನೋಡು. ಜೇವರ್ಗಿ ಕಚೇರಿ ಮೊಹರು ಹಾಕಿಸ್ಕೊಂಡು ಬಾ."

ಮೊಹರು ಬಿದ್ರ ಪಾಸು. ಇಲ್ಲಾಂದ್ರ ಮತ್ತೊಂದು ವರ್ಷ ಕುಂದ್ರಬೇಕು. ಅಷ್ಟು ತಾಕತ್ತು ನನಗ ಇರಲಿಲ್ಲ.

ಆಳಂದದಾಗ ಇಳದಾಗ ಮಟಮಟ ಮಧ್ಯಾಹ್ನ. ಪ್ಯಾಟಿ ದಾಟಿದ ಮ್ಯಾಲ ಒಂದು ಹಳೀ ಬಾಗ್ ಇತ್ತು. ಗ್ವಾಡಿ ಬಿದ್ದಿತ್ತು, ಬೇವಿನ ಗಿಡಾ ಮಾತ್ರ ಗಟ್ಟಿ ನಿಂತಿತ್ತು. ಅದರ ಸುತ್ತ ದುಂಡನ್ನ ಕಲ್ಲಿನ ಕಟ್ಟಿ. ಕಟ್ಟಿ ಮ್ಯಾಲ ಕುಂತ ಮುದುಕರು ತಂಬಾಕು ತಿಕ್ಕೋತ, ನೆಳ್ಳು ಸರದಂಗ ತಾವೂ ಕುಂತಲ್ಲೇ ಸರೀತಿದ್ರು. ಮಾತು ನಿಲ್ತಿರಲಿಲ್ಲ. ನೆಳ್ಳು ತಿರಗ್ತದ, ಅದಕ್ಕ ಕಟ್ಟಿ ದುಂಡಗ! ನನಗ ಭಾಳ ಖುಷಿ ಆತು. ಟೇಪು ತಗದು ಅಳಿಯಾಕ ಹತ್ತಿದೆ.

ನನ್ನ ಪಾಟಲೋನು ನೋಡಿ ಒಬ್ಬ ಮುದುಕ, "ಬರ್ರಿ ಸಾಹೇಬ್ರ, ನೆಳ್ಳಾಗ ಕುಂದರ್ರಿ. ಯಾವೂರು ನಿಮ್ಮದು?" ಅಂದ. ಊರು ಹೇಳಿದೆ.

"ಅಲ್ಲಿ ಯಾರ ಪೈಕಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮುದುಕ ಎದ್ದ, ಧೋತರ ಝಾಡಿಸಿದ, ಹೋಗಿ ಬಿಸಲಾಗ ಕುಂತ. ಅವನ ಹಿಂದ ಉಳದವರೂ ಹೋದ್ರು. ಅಷ್ಟು ದೊಡ್ಡ ಗಿಡದ ನೆಳ್ಳು ನನ್ನೊಬ್ಬನಿಗೇ ಉಳೀತು. ಹಲ್ಲು ಕಡಕೊಂಡು, ಕಟ್ಟಿ ಪೂರಾ ಅಳದೇ ಎದ್ದೆ.

ಆಳಂದದಿಂದ ಅಫಜಲಪುರದ ಕಡಿಗೆ ಮೋಟಾರು ಸಿಗಲಿಲ್ಲ. ತೊಗರಿ ಚೀಲ ಹೇರಿದ ಗಾಡಿ ಹತ್ತಿದೆ. ಎರಡು ಕಡಿಗೂ ಎರಿಮಣ್ಣು, ಕೈ ತೂರುವಷ್ಟು ಬಿರಕು. ಅಫಜಲಪುರದ ಹತ್ರ ಒಂದು ಹಳ್ಳಿಗೆ ನಮ್ಮಕ್ಕ ಭೀಮವ್ವನ್ನ ಕೊಟ್ಟಾರ. ನಾ ಹೋದಾಗ ಆಕಿ ಅಂಗಳದಾಗ ರೊಟ್ಟಿ ಬಡ್ಯಾಕತ್ತಿದ್ಳು.

"ಏನೋ ತಮ್ಮಾ, ಪಾಟಲೋನು ಹಾಕ್ಕೊಂಡು ಬಂದಿ! ಜಪ್ತಿ ಮಾಡಾಕ ಸರಕಾರದವರು ಬಂದ್ರಂತ ನಮ್ಮ ಕೋಳಿ ಸೈತ ಓಡಿಹೋತು," ಅಂತ ನಕ್ಕಳು. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟಳು. ಹಂಗ ಉಂಡು ಭಾಳ ದಿನ ಆಗಿತ್ತು.

ಮರುದಿನ ಮುಂಜಾನಿ ಆಕಿ ಸಂಗಾಟ ಊರ ಬಾವಿಗೆ ಹೋದೆ. ನೋಡೋದು ನನ್ನ ಕೆಲಸ ಅಲ್ಲೇನು? ಬಾವಿಯಿಂದ ದೂರ ಒಂದು ಹಾಸಗಲ್ಲು. ನಮ್ಮ ಹೆಣ್ಣಮಕ್ಕಳು ಕೊಡ ಅದರ ಮ್ಯಾಲಿಟ್ಟು, ಹಿಂದ ಸರದು ನಿಲ್ಲಬೇಕು. ಊರಾಗಿನ ಯಾರಿಗಾದ್ರೂ ಮನಸ್ಸು ಬಂದ್ರ, ನೀರು ಸೇದಿ ತಂದು ಮ್ಯಾಲಿಂದ ಹುಯ್ತಾರ. ಮನಸ್ಸು ಬರೋತನಕ ನಿಲ್ಲಬೇಕು. ಸಣ್ಣವನಿದ್ದಾಗ ನಾನೂ ಅವ್ವನ ಸೆರಗು ಹಿಡಕೊಂಡು ಇಂಥಾ ಕಲ್ಲಿನ ಹತ್ರ ನಿಂತಿದ್ದೆ. ಖರೆ, ಟೇಪು ಕೈಯಾಗ ಹಿಡಕೊಂಡು ನೋಡಿದ್ದು ಆವತ್ತೇ ಮೊದಲು.

"ಒಂದು ಕೊಡ ಹಾಕ್ರಿ ಯವ್ವಾ, ಕೂಸು ಅಳಾಕತ್ತದ," ಅಂದಳು ಭೀಮವ್ವ.

"ನಿಂದ್ರ ಬೇ! ನಿಂದೇ ಒಂದು ಅವಸರ," ಅಂದಳು ಬಾವಿ ಮ್ಯಾಲಿನಾಕಿ.

ಭೀಮವ್ವನ ಬಾಜೂಕಿನ ಮುದುಕಿ ಮೆಲ್ಲಕ, "ಅವಸರಿಲ್ಲ ಬಿಡವ್ವ, ಮಳಿಗಾಲ ಬರ್ತದಲ್ಲ," ಅಂದಳು. ಎಲ್ಲಾರೂ ಸೆರಗು ಬಾಯಿಗೆ ಹಚ್ಚಿ ನಕ್ಕರು. ನನಗ ನಗು ಬರಲಿಲ್ಲ. ಹೊತ್ತು ಏರಿ, ಹಣಿ ಮ್ಯಾಲ ಬಿಸಲು ಹೊಡ್ಯಾಕತ್ತಿತ್ತು. ಕಾಲಡಿ ಕಲ್ಲು ಹಂಚಿನಂಗ ಕಾದಿತ್ತು.

ಮನಿಗೆ ಬಂದವನೇ ಕಾಗದ ಹರವಿ ಕುಂತೆ. ಸಂಜಿತನಕ ಎದ್ದೇಳಲಿಲ್ಲ. ಜೇವರ್ಗಿ ದವಾಖಾನಿ ಬಾವಿ, ಅದರಿಂದ ದೂರ ಒಂದು ಬೇವಿನ ಗಿಡಾ, ಗಿಡದ ಸುತ್ತ ಆಳಂದದಂಥದ್ದೇ ದುಂಡ ಕಟ್ಟಿ, ಕೊಡ ಇಡಾಕ ಗೂಡು. ನಮ್ಮ ಹೆಣ್ಣಮಕ್ಕಳು ನೆಳ್ಳಾಗ ಕುಂತು ನೀರಿಗೆ ಕಾಯಲಿ ಅಂತ. ಮಸಿ ಹಾಕಿ, ಬಣ್ಣ ತುಂಬಿ ಭೀಮವ್ವಗ ತೋರಿಸಿದೆ. ಅದಕ್ಕಿಂತ ಚೊಲೋ ನಕ್ಷಾ ನಾ ಬರದಿರಲಿಲ್ಲ.

"ಇದೇನು, ಗಿಡಾ ಏನು? ಛಂದ ಅದ. ಅದರ ಬುಡಕ ಯಾರು ಕುಂದ್ರೋದು?"

"ನೀವೇ ಅಕ್ಕಾ. ನೀರು ಹಾಕೋತನಕ."

ಆಕಿ ಮುಖ ಗಂಟಾತು. "ನೀರು ಹಾಕೋತನಕ! ಓದಿ ಬಂದು ಇದನ್ನ ಕಟ್ತೀ ಏನೋ? ಈಗ ಬಿಸಲಾಗ ನಿಂತೀವಂತ ಯಾರರೇ ಒಬ್ಬಾಕಿ ನಾಚ್ಕೊಂಡು ಲಗೂನ ಹಾಕ್ತಾಳ. ನೆಳ್ಳಾಗ ಕುಂತ್ರ, ಆರಾಮ ಕುಂತಾರ ಕುಂದ್ರಲಿ ಬಿಡು ಅಂತಾರ. ಕಲ್ಲಿಲೆ ಕಟ್ಟಿದ್ದು ಯಾರು ಕೆಡವ್ತಾರ? ನನ್ನ ಮಗಳೂ ಅಲ್ಲೇ ಕುಂದ್ರಬೇಕು, ಆಕಿ ಮಗಳೂ ಅಲ್ಲೇ."

"ನಕ್ಷಾ ಅಂದ್ರ ನಿನಗೇನು ತಿಳೀತದ?" ಅಂತ ಒದರಿದೆ.

"ನಕ್ಷಾ ತಿಳಿಯಂಗಿಲ್ಲ. ಬಿಸಲಾಗ ನಿಂತೀನಲ್ಲ, ಅದು ತಿಳೀತದ," ಅಂದಳು. ನಾ ಸಿಟ್ಟಿಲೆ ಕಾಗದ ಸುತ್ತಿಟ್ಟೆ. ಹೊಂಡುವಾಗ ಮಾತ್ರ ರೊಟ್ಟಿ ಕಟ್ಟಿ ಕೊಟ್ಟಳು.

ಭೀಮಾ ಹೊಳಿ ಮೊಣಕಾಲುಮಟ ಇತ್ತು. ಕಾಲಾಗಿನ ಜೋಡು ತಗದು ಕೈಯಾಗ ಹಿಡಕೊಂಡು ದಾಟಿದೆ. ಆ ಕಡಿಗೆ ಜೇವರ್ಗಿ ಗಾಡಿ ಸಿಕ್ತು. ಮೊದಲ ದಿನ ಪೂರಾ ಅಕ್ಕನ್ನ ಬೈಕೊಂಡೆ. ಎರಡನೇ ದಿನ ಬೈಗಳೆಲ್ಲ ನನ್ನ ಕಡಿಗೇ ತಿರಗಿದ್ವು. ಗಾಡಿಯಾಗೇ ಕುಂತು ಪೆನ್ಸಿಲ್ಲಿನಾಗ ಇನ್ನೊಂದು ನಕ್ಷಾ ಹಾಕಿದೆ. ಬಾವಿ ಬಾಯಿ ಮ್ಯಾಲ ಕಲ್ಲು ಮುಚ್ಚೋದು. ಕೈಪಂಪಿನಿಂದ ನೀರು ಒಂದು ಟಾಕಿಗೆ ಏರಸೋದು. ಟಾಕಿಯಿಂದ ರಸ್ತೆ ಕಡಿಗೆ ಸಾಲಾಗಿ ನಳಾ. ಯಾರು ಬೇಕಾದ್ರೂ ಬರಲಿ, ತಾವೇ ತಿರುವಲಿ. ಗಾಡಿ ಕುಲಕಾಟಕ್ಕ ಗೆರಿಯೆಲ್ಲ ಸೊಟ್ಟ.

ಜೇವರ್ಗಿ ಕಚೇರಿಯಾಗ ಮೊಹರು ಹೊಡಿಯೋ ಪೇಶಕಾರ ಸಾಹೇಬರು ಪಾನ ಜಗಿಯಾಕತ್ತಿದ್ರು. ಶಾಲಿ ಕಾಗದದಾಗ ನಾ ಯಾರಂತ ಬರದಿತ್ತು. ಓದಿ, ನನ್ನನ್ನ ಬಾಗಲದಾಗೇ ನಿಂದ್ರಿಸಿದ್ರು. ಎರಡೂ ನಕ್ಷಾ ಸಿಪಾಯಿ ಕೈಲೆ ಒಳಗ ಹೋದ್ವು. ಮಸಿ ಹಾಕಿದ್ದು ನೋಡಿ ಅವರ ಮುಖ ಅರಳಿತು.

"ಭೇಷ್ ಲೇ! ಅಕಲ್ ಅದ ನಿನಗ. ನಿಮ್ಮ ಮಂದಿಗೆ ಬ್ಯಾರೆ ಜಾಗಾ, ಮ್ಯಾಲ ನೆಳ್ಳೂ ಆತು. ಯಾರದೂ ತಕರಾರಿಲ್ಲ. ಕಲ್ಲು ಕಟ್ಟೋ ಗೌಂಡಿ ಇಲ್ಲೇ ಇದ್ದಾನ, ಇವತ್ತೇ ಗೆರಿ ಹಾಕಸ್ತೇನಿ."

ಭೀಮವ್ವ ಹೇಳಿದ್ದಕ್ಕ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ. "ಸಾಹೇಬ್ರ, ಅದು ಬ್ಯಾಡ್ರಿ. ಪೆನ್ಸಿಲ್ಲಿಂದು ನೋಡ್ರಿ," ಅಂದೆ.

ನೋಡಿದ್ರು. "ನಿಮ್ಮವರು ಮುಟ್ಟಿದ ನಳಾ ಊರವರು ಮುಟ್ತಾರೇನಲೇ?"

"ಮುಟ್ಟದಿದ್ರ ಬಿಡ್ಲಿರಿ. ಅವರೇ ದೂರ ನಿಂತು ಕಾಯ್ಲಿ."

ಸಿಪಾಯಿ ಬಾಯಿ ತಕ್ಕೊಂಡು ನಿಂತ. ಪೇಶಕಾರರು ಎದ್ದು ಹೋಗಿ ಪಾನ ಉಗಳಿ ಬಂದ್ರು. ಆಮ್ಯಾಲ ಮೊಹರು ಕೈಯಾಗ ಹಿಡಕೊಂಡು, "ಮಸಿ ನಕ್ಷಾಕ್ಕ ಹೊಡೀಲಿ? ಇಲ್ಲಾ ಹಂಗೇ ಹೋಗ್ತೀ?" ಅಂದ್ರು.

ಹೊಡೀರಿ ಅಂದಿದ್ರ ಪಾಸಾಗ್ತಿದ್ದೆ. "ಹಂಗೇ ಹೋಗ್ತೇನ್ರಿ," ಅಂದೆ. ಮಸಿ ನಕ್ಷಾ ವಾಪಸ್ ಕೇಳಿದ್ರ ಕೊಡಲಿಲ್ಲ. ಸರಕಾರಿ ಕೆಲಸದ ಕಾಗದ, ಇಲ್ಲೇ ಇರಲಿ ಅಂದ್ರು. ಪೆನ್ಸಿಲ್ಲಿಂದನ್ನ ಮುದ್ದಿ ಮಾಡಿ ಒಗದ್ರು. ಆಯ್ಕೊಂಡೆ.

ಕಲಬುರಗಿ ಮೋಟಾರು ದವಾಖಾನಿ ಎದುರಿಗೇ ನಿಲ್ತಿತ್ತು. ಹತ್ತಿ ಕುಂತು ಖಿಡಕಿಯಿಂದ ನೋಡ್ತೇನಿ, ಗೌಂಡಿ ಅಂಗಳದಾಗ ಸುಣ್ಣ ಉದರಸಾಕತ್ತಿದ್ದ. ಬಾವಿಯಿಂದ ದೂರ ದುಂಡನ್ನ ಗೆರಿ, ನಾ ಬರದಷ್ಟೇ ದುಂಡಗ. ಗ್ವಾಡಿ ಬದಿಗೆ ನಮ್ಮ ಕಡಿ ಹೆಣ್ಣಮಕ್ಕಳು ಖಾಲಿ ಕೊಡ ಹಿಡಕೊಂಡು ಆ ಗೆರಿ ನೋಡ್ಕೋತ ನಿಂತಿದ್ರು.

ಇಳದು ಓಡಿದೆ. ಜೋಡಿನಿಂದ ಗೆರಿ ತಿಕ್ಕಾಕ ಹತ್ತಿದೆ.

"ಏ ಏ, ಸಾಹೇಬ್ರ! ಇದು ನೀವೇ ಬರದ ನಕ್ಷಾ ಅಂತಲ್ರಿ?" ಅಂದ ಗೌಂಡಿ.

"ಹೌದು, ನಂದೇ. ಅದಕ್ಕ ಅಳಸಾಕತ್ತೇನಿ."

"ಪೇಶಕಾರ ಸಾಹೇಬ್ರು ಮತ್ತ ಹಾಕು ಅಂದ್ರ?"

"ಅವರೇ ಬಂದು ಹಾಕ್ಲಿ ಅನ್ನು."

ಹಿಂದ ಮೋಟಾರು ಹಾರ್ನ್ ಹೊಡೀತು, ಮತ್ತೊಮ್ಮೆ ಹೊಡೀತು, ಹೊಂಟೇಹೋತು. ಗೆರಿ ಪೂರಾ ಮಣ್ಣಾಗ ಕೂಡೋತನಕ ನಾ ಬಿಡಲಿಲ್ಲ. ಆಮ್ಯಾಲ ಕಲಬುರಗಿ ದಾರಿ ಹಿಡದು ನಡದೆ. ತಿರಗಿ ನೋಡಿದಾಗ ಗೌಂಡಿ ಸುಣ್ಣದ ಬುಟ್ಟಿ ಟೊಂಕದ ಮ್ಯಾಲಿಟ್ಟು ಕಚೇರಿ ಕಡಿಗೆ ನೋಡ್ಕೋತ ನಿಂತಿದ್ದ. ಕೊಡ ಹಿಡದ ಹೆಣ್ಣಮಕ್ಕಳೊಳಗ ಒಬ್ಬಾಕಿ ಅವನ ಹತ್ರ ಹೋಗಿ, ಅಳಸಿದ ಜಾಗಾ ತೋರಿಸಿ ಏನೋ ಕೇಳಾಕತ್ತಿದ್ಳು.