ಹೇಳಿ ಬರೆಸದ ಪಾಠ

ಮಂಜುಳಾ ಟೀಚರ್ ಮೊದಲು ಬಹಳ ಮಾತಿನವರು. ದುಂಡಸಿಯ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಅವರು ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದರೆ ದನಿ ರಸ್ತೆಯವರೆಗೆ ಕೇಳಿಸುತ್ತಿತ್ತು. ಪಾಠ ಮುಗಿದ ಮೇಲೆ ಪ್ರಶ್ನೆಯನ್ನೂ ಉತ್ತರವನ್ನೂ ಅವರೇ ಹೇಳಿ ಬರೆಸುತ್ತಿದ್ದರು. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಂದಕ್ಷರ ಆಚೀಚೆ ಆಗದಂತೆ ಇಳಿಸುತ್ತಿದ್ದರು. ಊರವರಿಗೆ ಅದೇ ಒಳ್ಳೆಯ ಪಾಠ.

ಅವರ ಗಂಡ ಭರಮಪ್ಪ ಸವಣೂರಿನಲ್ಲಿ ವೀಳ್ಯದ ಎಲೆಬಳ್ಳಿ ತೋಟ ಮಾಡಿಕೊಂಡಿದ್ದ. ಹೋದ ವರ್ಷ ದೀಪಾವಳಿ ಕಳೆದ ಮೇಲೆ, ತೋಟದಲ್ಲಿ ಎಲೆ ಕೊಯ್ಯುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ಮಕ್ಕಳಿರಲಿಲ್ಲ. ಮಂಜುಳಾ ಅಳಲಿಲ್ಲ. ಕೂಡು ಎಂದಾಗ ಕೂತರು, ಉಣ್ಣು ಎಂದಾಗ ಉಂಡರು. ರಜೆ ಮುಗಿದ ಮೇಲೆ ಎಂದಿನಂತೆ ಸವಣೂರಿನಿಂದ ಶಿಗ್ಗಾಂವಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಶಾಲೆಗೆ ಹೋದರು.

ತರಗತಿಯಲ್ಲಿ ಪುಸ್ತಕ ತೆರೆದರು. ಮಾತು ಹೊರಡಲಿಲ್ಲ. ದುಃಖ ಉಕ್ಕಿ ಬಂದದ್ದಲ್ಲ. ಒಳಗೆ ಹೇಳುವುದಕ್ಕೆ ಏನೂ ಇರಲಿಲ್ಲ.

"ಓದ್ರಿ," ಎಂದರು.

ಮಕ್ಕಳು ಒಕ್ಕೊರಲಿನಿಂದ ಓದತೊಡಗಿದರು. ಆ ಗದ್ದಲ ತಾಳಲಾಗದೆ, "ಮನಸಿನ್ಯಾಗ ಓದ್ರಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಪುಸ್ತಕ ಮುಚ್ಚಿಸಿ, "ಏನಿತ್ತು ಹೇಳ್ರಿ," ಎಂದರು.

ಮುಂದಿನ ಸಾಲಿನ ಐಶ್ವರ್ಯ ಎದ್ದು ನಿಂತಳು. "ಪ್ರಶ್ನಿ ಕೇಳ್ರಿ ಟೀಚರ್, ಹೇಳ್ತೇವಿ."

"ಪ್ರಶ್ನಿನೂ ನೀವ ಮಾಡ್ಕೋರಿ."

ಅದು ಹೊಸ ವಿಧಾನವೇನಲ್ಲ, ಬರೀ ದಣಿವು. ಮರುದಿನವೂ ಹಾಗೆಯೇ ನಡೆಯಿತು, ಅದರ ಮರುದಿನವೂ. ಮಂಜುಳಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಕ್ಕಳು ಮೊದಮೊದಲು ಪಿಸುಗುಟ್ಟುತ್ತ ಕಾಲ ಕಳೆದರು. ಆಮೇಲೆ ಬೇಸರವಾಗಿಯೋ ಏನೋ, ನಿಜಕ್ಕೂ ಓದಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳತೊಡಗಿದರು. ಜಗಳವೂ ಆಗುತ್ತಿತ್ತು. ಯಾರದು ಸರಿ ಎಂದು ಟೀಚರನ್ನು ಕೇಳಿದರೆ, "ಪುಸ್ತಕದಾಗ ನೋಡ್ರಿ," ಎಂಬ ಒಂದೇ ಮಾತು.

ದೂರು ಹೋಗಲು ತಡವಾಗಲಿಲ್ಲ. ಐಶ್ವರ್ಯಳ ಅಪ್ಪ ಕರಿಬಸಪ್ಪ ಶಾಲೆಗೆ ಬಂದು ಹೆಡ್‌ಮಾಸ್ತರ ಶಿದ್ಲಿಂಗಪ್ಪನವರ ಎದುರು ನಿಂತ. "ಟೀಚರ್ ಅಕ್ಕಾರಿಗೆ ಆಗಬಾರದ್ದಾಗೇತಿ, ಇಲ್ಲ ಅನ್ನಂಗಿಲ್ರಿ. ಆದ್ರ ಅವ್ರು ಪಾಠಾನ ಮಾಡವಲ್ರು. ಹುಡುಗ್ರ ಗತಿ ಏನ್ರಿ?"

ಶಿದ್ಲಿಂಗಪ್ಪ ಮಂಜುಳಾರನ್ನು ಕರೆಸಿದರು. "ಹೌದೇನ್ರಿ ಟೀಚರ್?"

"ಹೌದ್ರಿ ಸರ್. ಮಾತಾಡಾಕ ಆಗವಲ್ದು."

ಶಿದ್ಲಿಂಗಪ್ಪ ಕರಿಬಸಪ್ಪನನ್ನು ಕರೆದುಕೊಂಡು ತರಗತಿಗೆ ಹೋಗಿ, ಇನ್ನೂ ಶುರುವಾಗದ ಮರುಭೂಮಿಯ ಪಾಠ ತೆಗೆಸಿ ಓದಲು ಹೇಳಿದರು. ಮಕ್ಕಳು ಓದಿ ಪುಸ್ತಕ ಮುಚ್ಚಿದರು. ಮರುಭೂಮಿ ಹಗಲೂ ರಾತ್ರಿಯೂ ಕಾದಿರುತ್ತದೆ ಎಂದಳು ಐಶ್ವರ್ಯ. ಹಿಂದಿನಿಂದ ಯಾರೋ ಅಲ್ಲವೆಂದರು. ಅವಳು ಮತ್ತೆ ಪುಟ ತೆರೆದು, ಬೆರಳಿಟ್ಟು ಓದಿ, "ರಾತ್ರಿ ಥಂಡಿ ಇರತೈತ್ರಿ ಸರ್. ನಾ ಅವಸರಲೇ ಓದಿದ್ದೆ," ಎಂದು ಕೂತಳು.

ಕರಿಬಸಪ್ಪ ಹೊರಗೆ ಬಂದು, "ಓದೂದೇನ ಓದ್ತಾರ್ರಿ," ಎಂದ. "ಆದ್ರ ಅಕ್ಕಾರು ಒಂದೆರಡ ಮಾತರ ಆಡಬೇಕಲ್ರಿ." ಅರ್ಧ ಮನಸ್ಸಿನಿಂದಲೇ ಮನೆಗೆ ಹೋದ.

ಫೆಬ್ರವರಿಯಲ್ಲಿ ಏಳನೇ ತರಗತಿಯ ಮಕ್ಕಳನ್ನು ಸವಣೂರಿನ ಒಂದು ಕಾಲೇಜು ನೋಡಲು ಕರೆದೊಯ್ದರು. ಅದು ಶಿದ್ಲಿಂಗಪ್ಪನವರ ಹವಣಿಕೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಈಗಲೇ ಕಣ್ಣಾರೆ ಕಂಡರೆ ಒಳ್ಳೆಯದೆಂದು ಅವರ ಎಣಿಕೆ. ಮಕ್ಕಳು ಒಂದು ತರಗತಿಯ ಹಿಂದಿನ ಬೆಂಚುಗಳಲ್ಲಿ ಕೂತರು. ಉಪನ್ಯಾಸಕರು ನಿಲ್ಲಿಸದೆ ಮಾತಾಡಿ, ಗಂಟೆ ಹೊಡೆದಾಗ ಹೊರಟುಹೋದರು.

"ಬರಸೂದಿಲ್ಲೇನ್ರಿ ಇಲ್ಲಿ?" ಐಶ್ವರ್ಯ ಪಕ್ಕದ ವಿದ್ಯಾರ್ಥಿಯನ್ನು ಕೇಳಿದಳು.

ಅವನು ಪ್ರಶಾಂತ, ಮಂಜುಳಾರ ಹಳೆಯ ವಿದ್ಯಾರ್ಥಿಯೇ. ಏಳನೆಯಲ್ಲಿ ಶಾಲೆಗೇ ಮೊದಲಿಗನಾಗಿದ್ದವನು. "ಇಲ್ಲಿ ಯಾರೂ ಬರಸೂದಿಲ್ಲ," ಎಂದ. "ಕೇಳಿ ನಾವ ಬರಕೋಬೇಕು. ನನಗ ಅದು ಗೊತ್ತ ಇರಲಿಲ್ಲ. ಯಾವಾಗರ ಬರಸ್ತಾರ ಅಂತ ಕಾಯ್ಕೋತ ಕುಂತೆ. ಪಿಯುಸಿ ಮೊದಲ್ನೇ ವರ್ಷ ಫೇಲಾತು."

ಆಗ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಟೀಚರನ್ನು ಕಂಡು ಎದ್ದು ನಿಂತು ನಮಸ್ಕರಿಸಿದ. "ನೀವು ಬರಸಿದ್ದು ಇನ್ನೂ ಬಾಯಾಗ ಐತ್ರಿ ಟೀಚರ್," ಎಂದ. ಅವನಿಗೆ ಅದು ಹೊಗಳಿಕೆ.

ಮಂಜುಳಾ ತಲೆಯಾಡಿಸಿದರು. ನೋವಾಗಬೇಕಿತ್ತು ಅನಿಸಿತು, ಆಗಲಿಲ್ಲ. ಬೇರೆ ಯಾರದೋ ಸುದ್ದಿ ಕೇಳಿದ ಹಾಗಿತ್ತು. ಆದರೆ ಮರುದಿನ ತರಗತಿಗೆ ಹೋದಾಗ ಕುರ್ಚಿಯ ಕಡೆಗೆ ಹೋಗಲಿಲ್ಲ. "ನಾ ಓದ್ತೇನಿ. ಮುಖ್ಯ ಅನಿಸಿದ್ದು ನಿಮ್ಮ ಮಾತಿನ್ಯಾಗ ಬರಕೋರಿ. ಪೂರಾ ಬರೀಬ್ಯಾಡ್ರಿ," ಎಂದು ಒಂದು ಪುಟ ನಿಧಾನವಾಗಿ ಓದಿದರು. ಆಮೇಲೆ ಸಾಲುಸಾಲಾಗಿ ತಿರುಗಿ, ಬರೆದದ್ದನ್ನು ನೋಡಿ, ಬೇಡದ್ದಕ್ಕೆ ಗೆರೆ ಎಳೆದರು. ಅದು ದಣಿವಿನಿಂದ ಮಾಡಿದ್ದಾಗಿರಲಿಲ್ಲ. ಪರೀಕ್ಷೆ ಬರುವವರೆಗೂ ದಿನಾ ಹಾಗೆ ಮಾಡಿದರು. ಆ ವರ್ಷ ಅಂಕಗಳು ತುಸು ಇಳಿದವು.

ಮಳೆಗಾಲದಲ್ಲಿ ಒಂದು ಸಂಜೆ ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ಐಶ್ವರ್ಯ ಸಿಕ್ಕಳು. ಅಲ್ಲಿಯ ಹೈಸ್ಕೂಲಿಗೆ ಸೇರಿದ್ದಳು.

"ಇಲ್ಲೂ ಬರಸ್ತಾರ್ರಿ ಟೀಚರ್," ಎಂದಳು. "ಆದ್ರ ನಾ ಹಿಂದಿನ ದಿನಾನ ಪಾಠ ಓದಿ ಹೋಗಿರ್ತೇನಿ. ತಿಳೀದಿದ್ದು ಕೇಳ್ತೇನಿ. ಒಂದೊಂದ ಸಲ ಸರ್ ಸಿಟ್ಟಾಗ್ತಾರ."

"ಕೇಳೂದು ಬಿಡಬ್ಯಾಡ," ಎಂದರು ಮಂಜುಳಾ. ಇನ್ನೇನಾದರೂ ಹೇಳಬೇಕು ಅನಿಸಿ ಹುಡುಕಿದರು. "ಮಧ್ಯಾಹ್ನ ಉಂಡಿಯೇನು?"

"ಉಂಡೇನ್ರಿ."

ಸವಣೂರಿನ ಬಸ್ಸು ಬಂತು. ಮಂಜುಳಾ ಹತ್ತಿ ಕೂತರು. ಹುಡುಗಿ ಸಿಕ್ಕಿದ್ದು ಒಳ್ಳೆಯದಾಯಿತೆಂದು ಗೊತ್ತಿತ್ತು. ಒಳಗೆ ಮಾತ್ರ ಇನ್ನೂ ಏನೂ ಅಲುಗಲಿಲ್ಲ. ಕಂಡಕ್ಟರ್ ಬಂದು ಎರಡು ಸಲ ಕೇಳಿದ ಮೇಲೆ ಊರಿನ ಹೆಸರು ಹೇಳಿದರು.